ಅಂಬಾಸಿಡರ್‌ಗೆ ಹಳೇ ಕ್ರೌನ್-ಪಿನಿಯನ್ ಕೂರಿಸುವುದು ಹೇಗೆ: ಬಿಚ್ಚುವ ಮುಂಚೆ ಅಳೆಯಿರಿ

2014ರ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. ಅಲ್ಲಿಂದೀಚೆಗೆ ಗಾಡಿ ಇಟ್ಟುಕೊಂಡವರಿಗೆ ಹಿಂದಿನ ಆಕ್ಸಲ್ ಕೆಟ್ಟರೆ ತಲೆನೋವು. ಎಂಜಿನ್ನಿನ ಎಳೆತವನ್ನು ಹಿಂದಿನ ಚಕ್ರಗಳ ಕಡೆಗೆ ತಿರುಗಿಸುವ ಗೇರ್ ಜೋಡಿಯೇ ಕ್ರೌನ್-ಪಿನಿಯನ್, ದೊಡ್ಡ ಚಕ್ರ ಕ್ರೌನ್, ಸಣ್ಣದು ಪಿನಿಯನ್. ಒಳ್ಳೆಯ ಹೊಸ ಸೆಟ್ ಹುಡುಕುವುದೇ ಒಂದು ಕೆಲಸ. ಹಾಗಾಗಿ ಹೆಚ್ಚಿನವರು ಗುಜರಿಗೆ ಬಂದ ಗಾಡಿಯಿಂದ ಬಿಚ್ಚಿದ ಸೆಟ್ ತರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಸರಿಯಾಗಿ ಆರಿಸಿ, ಸರಿಯಾಗಿ ಕೂರಿಸಿದರೆ ಹಳೇ ಸೆಟ್ ವರ್ಷಗಟ್ಟಲೆ ಸದ್ದಿಲ್ಲದೆ ಓಡುತ್ತದೆ.

ತೊಂದರೆ ಬರುವುದು ಬೇರೆ ಕಡೆ. ಹಳೇ ಸೆಟ್ ತಂದು, ಹೊಸದಕ್ಕೆ ಹೇಳಿದ ಅಳತೆಗೆ ಕೂರಿಸುತ್ತಾರೆ. ಪುಸ್ತಕದಲ್ಲಿ ಇದ್ದ ಹಾಗೇ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಆಟ) ಇಟ್ಟೆ, ಆದರೂ ಹೌಸಿಂಗ್ ಕೂಗುತ್ತದೆ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಕಾರಣ ಸರಳ. ಇಷ್ಟು ವರ್ಷ ಒಟ್ಟಿಗೆ ತಿರುಗಿದ ಕ್ರೌನ್ ಮತ್ತು ಪಿನಿಯನ್ ಬೀಸುಕಲ್ಲಿನ ಮೇಲ್ಗಲ್ಲು ಕೆಳಗಲ್ಲಿನ ಹಾಗೆ, ಒಂದಕ್ಕೊಂದು ಸವೆದು ಹೊಂದಿಕೊಂಡಿರುತ್ತವೆ. ಹಲ್ಲು ಮುಟ್ಟುವ ಜಾಗ ಚೂರು ಬದಲಾದರೂ ಸವೆದ ಭಾಗದ ಅಂಚು ಸವೆಯದ ಭಾಗದ ಮೇಲೆ ಏರುತ್ತದೆ. ಸದ್ದು ಅಲ್ಲಿಂದ ಶುರು. ಆದ್ದರಿಂದ ಹಳೇ ಸೆಟ್ಟಿಗೆ ನಮ್ಮ ಗುರಿ ಪುಸ್ತಕದ ಅಳತೆ ಅಲ್ಲ. ಅದು ಮೊದಲು ಹೇಗೆ ಕೂತಿತ್ತೋ ಹಾಗೇ ಮತ್ತೆ ಕೂರಿಸುವುದು. ಈ ಲೇಖನದ ಉಳಿದ ಎಲ್ಲವೂ ಇದಕ್ಕಾಗಿಯೇ.

ಇಲ್ಲಿ ಹೇಳುವುದು 1489 ಸಿಸಿ ಬಿಎಂಸಿ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಪೆಟ್ರೋಲ್ ಎಂಜಿನ್ನಿನ ಹಳೇ ಅಂಬಾಸಿಡರ್‌ಗಳಿಗೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನಿಂದ ಬಂದ ಗಾಡಿ ಇದು. ಹಿಂದಿನ ಆಕ್ಸಲ್ ಬ್ಯಾಂಜೋ ಮಾದರಿ. ಅಂದರೆ ಕ್ರೌನ್, ಪಿನಿಯನ್, ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸ್ಟಾರ್ ಗೇರ್ ಎಲ್ಲವೂ ಒಂದೇ ಹೌಸಿಂಗ್‌ನಲ್ಲಿ ಇರುತ್ತವೆ. ನಟ್ಟು ಬಿಚ್ಚಿದರೆ ಇಡೀ ಹೌಸಿಂಗ್ ಆಕ್ಸಲ್ ಕೇಸಿಂಗ್‌ನಿಂದ ಮುಂದಕ್ಕೆ ಹೊರಬರುತ್ತದೆ. ಗಾಡಿಯ ಕೆಳಗೆ ಮಲಗಿ ಒದ್ದಾಡಬೇಕಿಲ್ಲ, ಮೇಜಿನ ಮೇಲಿಟ್ಟು ಕೆಲಸ ಮಾಡಬಹುದು. ಡೀಸೆಲ್ ಮತ್ತು ಇಸುಜು ಎಂಜಿನ್ನಿನ ಗಾಡಿಗಳಿಗೆ ಅಂಕಿಗಳು ಬೇರೆ ಇರಬಹುದು, ಕ್ರಮ ಮಾತ್ರ ಇದೇ. ಯಾವುದಕ್ಕೂ ನಿಮ್ಮ ಗಾಡಿಯ ವರ್ಕ್‌ಶಾಪ್ ಮ್ಯಾನ್ಯುಯಲ್ ಹೇಳಿದ್ದೇ ಕೊನೆ ಮಾತು.

ಸದ್ದು ನಿಜವಾಗಿ ಎಲ್ಲಿಂದ?

ಹೌಸಿಂಗ್ ಇಳಿಸುವ ಮುಂಚೆ ಬೇರೆ ಅನುಮಾನಗಳನ್ನು ತೀರಿಸಿಕೊಳ್ಳಿ. ಕ್ಲಚ್ ಬಿಟ್ಟಾಗ 'ಕಟಕ್' ಅಂದರೆ ಮೊದಲು ಪ್ರೊಪೆಲ್ಲರ್ ಶಾಫ್ಟಿನ ಯು-ಜಾಯಿಂಟ್ ಕ್ರಾಸ್ ನೋಡಿ. ಸ್ಪ್ರಿಂಗ್ ಪಟ್ಟಿಯ ಯು-ಬೋಲ್ಟ್ ಸಡಿಲ ಆದರೂ ಇದೇ ಸದ್ದು. ವೇಗಕ್ಕೆ ತಕ್ಕ ಹಾಗೆ ಒಂದೇ ಸಮನೆ ಗೊರಗೊರ ಅಂದರೆ ಚಕ್ರದ ಬೇರಿಂಗ್ ಇರಬಹುದು. ತಿರುವಿನಲ್ಲಿ ಸದ್ದು ಹೆಚ್ಚುಕಡಿಮೆ ಆಗುತ್ತದಾ ಗಮನಿಸಿ. ಟೈರಿನ ಸದ್ದು ಡಾಂಬರಿನ ಗುಣ ಬದಲಾದ ಹಾಗೆ ಬದಲಾಗುತ್ತದೆ. ಕ್ರೌನ್-ಪಿನಿಯನ್ ಸದ್ದು ಹಾಗಲ್ಲ. ಅದು ಆಕ್ಸಲರೇಟರ್ ಮಾತು ಕೇಳುತ್ತದೆ. ಒತ್ತಿದಾಗ 'ಗೂಂ' ಅನ್ನುತ್ತದೆ, ಬಿಟ್ಟಾಗ ನಿಲ್ಲುತ್ತದೆ. ಇಲ್ಲವೇ ಉಲ್ಟಾ. ಇಷ್ಟು ಖಚಿತವಾದ ಮೇಲೆ ಮುಂದಿನ ಮಾತು.

ಗುಜರಿಯಲ್ಲಿ ಏನು ನೋಡಬೇಕು

ಸಾಧ್ಯವಾದರೆ ಕ್ರೌನ್-ಪಿನಿಯನ್ ಮಾತ್ರ ಕೊಳ್ಳಬೇಡಿ. ಹೌಸಿಂಗ್ ಸಮೇತ ಕೊಳ್ಳಿ. ಅಂಗಡಿಯವರು ಬಿಡಿಯಾಗಿ ಕೊಟ್ಟರೆ ಅಗ್ಗ ಅನ್ನುತ್ತಾರೆ, ನಿಜ. ಆದರೆ ಬಿಚ್ಚಿದ ಸೆಟ್‌ನಲ್ಲಿ ಅದು ಹೇಗೆ ಕೂತಿತ್ತು ಅನ್ನುವ ಮಾಹಿತಿಯೇ ಕಳೆದುಹೋಗಿರುತ್ತದೆ. ನೀವು ದುಡ್ಡು ಕೊಡಬೇಕಾದ್ದು ಆ ಮಾಹಿತಿಗೇ. ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಕೇಳಿದರೂ ಅಷ್ಟೇ, ನಿಮ್ಮೂರಿನ ಗುಜರಿಯಲ್ಲಿ ಕೇಳಿದರೂ ಅಷ್ಟೇ, 'ಬಿಚ್ಚಬೇಡಿ, ಹಾಗೇ ಕೊಡಿ' ಅಂತ ಮೊದಲೇ ಹೇಳಿಬಿಡಿ.

ಗಾಡಿಯಿಂದ ಇಳಿಸುವಾಗ ನೀವೇ ಅಲ್ಲಿದ್ದರೆ ಇನ್ನೂ ಒಳ್ಳೆಯದು. ಇಳಿದ ಆಯಿಲ್ ನೋಡಿ. ಕಪ್ಪಾಗಿದ್ದರೆ ಪರವಾಗಿಲ್ಲ. ಬೆಳ್ಳಿ ಬಣ್ಣ ಹೊಳೆಯುತ್ತಿದ್ದರೆ ಲೋಹ ಸವೆದಿದೆ. ಹಾಲು ಬೆರೆಸಿದ ಬಣ್ಣ ಇದ್ದರೆ ನೀರು ಹೋಗಿದೆ, ಬೇರಿಂಗ್ ತುಕ್ಕು ಹಿಡಿದಿರುತ್ತದೆ. ಮರದ ಹೊಟ್ಟು ಕಂಡರೆ ಅಲ್ಲಿಗೇ ಬಿಟ್ಟು ಎದ್ದುಬನ್ನಿ. ಸದ್ದು ಅಡಗಿಸಿ ಗಾಡಿ ಮಾರಲು ಹೊಟ್ಟು, ಬಾಳೆಹಣ್ಣು ಹಾಕುವುದು ಹಳೇ ಉಪಾಯ.

ಈಗ ಹಲ್ಲು. ಬಟ್ಟೆಗೆ ಸೀಮೆಎಣ್ಣೆ ಇಲ್ಲವೇ ಡೀಸೆಲ್ ಹಚ್ಚಿ ಕ್ರೌನಿನ ನಾಲ್ಕೈದು ಹಲ್ಲು ಚೆನ್ನಾಗಿ ಒರೆಸಿ. ಬಿಸಿಲಿಗೆ ಹಿಡಿದು ಓರೆಯಾಗಿ ನೋಡಿ. ಪ್ರತಿ ಹಲ್ಲಿನ ಮೇಲೆ ಒಂದು ಹೊಳೆಯುವ ಪಟ್ಟಿ ಕಾಣುತ್ತದೆ. ಸುತ್ತಲಿನ ಲೋಹ ಸ್ವಲ್ಪ ಮಂಕು, ಪಟ್ಟಿ ಮಾತ್ರ ಕನ್ನಡಿ. ಪಿನಿಯನ್ ಹಲ್ಲು ಇಷ್ಟು ವರ್ಷ ಓಡಾಡಿದ ದಾರಿ ಅದು. ಆ ಪಟ್ಟಿ ಹಲ್ಲಿನ ನಡುಭಾಗದಲ್ಲಿ ಇದ್ದು, ಅಂಚುಗಳು ಮೆಲ್ಲಗೆ ಮಸುಕಾಗುತ್ತಾ ಹೋಗಿದ್ದರೆ ಒಳ್ಳೆಯ ಸೆಟ್. ಪಟ್ಟಿಯ ಅಂಚಿನಲ್ಲಿ ಉಗುರು ಎಳೆಯಿರಿ. ಉಗುರು ತಡೆದು ನಿಂತರೆ ಅಲ್ಲಿ ಮೆಟ್ಟಿಲು ಬಿದ್ದಿದೆ. ಅಂಥ ಸೆಟ್ ಬೇರೆ ಹೌಸಿಂಗ್‌ನಲ್ಲಿ ಸುಮ್ಮನೆ ಕೂರುವುದು ಬಹಳ ಕಷ್ಟ. ಪಟ್ಟಿ ಹಲ್ಲಿನ ಒಂದು ತುದಿಗೇ ಅಂಟಿಕೊಂಡಿದ್ದರೆ ಆ ಸೆಟ್ಟನ್ನು ಹಿಂದೆ ಯಾರೋ ತಪ್ಪಾಗಿ ಕೂರಿಸಿದ್ದಾರೆ. ಅದನ್ನೂ ಬಿಡಿ.

ಗುಳಿ ಬಿದ್ದ ಹಲ್ಲು, ಚಕ್ಕೆ ಎದ್ದ ತುದಿ, ಬಿಸಿಗೆ ನೀಲಿಗಟ್ಟಿದ ಬಣ್ಣ, ಮುಟ್ಟುವ ಜಾಗದಲ್ಲೇ ತುಕ್ಕಿನ ಚುಕ್ಕೆ, ಇದರಲ್ಲಿ ಯಾವುದಿದ್ದರೂ ಬೇಡ. ಹಲ್ಲಿನ ಬುಡದಲ್ಲಿರುವ ತುಕ್ಕಿಗೆ ಹೆದರಬೇಕಿಲ್ಲ. ಪಿನಿಯನ್ನಿನ ಸ್ಪ್ಲೈನ್ (ಶಾಫ್ಟಿನ ಮೇಲಿನ ಉದ್ದ ಗೀರುಗಳು) ಮೇಲೆ ಫ್ಲಾಂಜ್ (ಪ್ರೊಪೆಲ್ಲರ್ ಶಾಫ್ಟ್ ಕೂಡುವ ಬಿಲ್ಲೆ) ಅಲ್ಲಾಡಬಾರದು.

ಕ್ರೌನಿನ ಮೇಲೂ ಪಿನಿಯನ್ನಿನ ತಲೆಯ ಮೇಲೂ ಒಂದೇ ಜೋಡಿ ನಂಬರ್ ಕೊರೆದಿರುತ್ತಾರೆ. ಕಾರ್ಖಾನೆಯಲ್ಲಿ ಎರಡನ್ನೂ ಒಟ್ಟಿಗೆ ತಿರುಗಿಸಿ ಉಜ್ಜಿ ಜೋಡಿ ಮಾಡಿರುತ್ತಾರೆ. ನಂಬರ್ ಹೊಂದದಿದ್ದರೆ ಅದು ಜೋಡಿಯೇ ಅಲ್ಲ, ಎಷ್ಟೇ ಚೆನ್ನಾಗಿ ಕಂಡರೂ ಬೇಡ. ಜೊತೆಗೆ ಹಲ್ಲು ಎಣಿಸಿ. ಕ್ರೌನ್ 41, ಪಿನಿಯನ್ 9 ಇದ್ದರೆ ಅನುಪಾತ 4.55. ನಿಮ್ಮ ಗಾಡಿಯಲ್ಲಿ ಇರುವುದೂ ಅದೇನಾ ನೋಡಿಕೊಳ್ಳಿ. ಬೇರೆ ಇದ್ದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ, ಎಳೆತವೂ ಬದಲಾಗುತ್ತದೆ.

ತಂದ ಹೌಸಿಂಗ್ ಎಲ್ಲ ರೀತಿಯಲ್ಲೂ ಚೆನ್ನಾಗಿದ್ದು, ಬೇರಿಂಗ್ ಅಲ್ಲಾಡದೆ ಮೃದುವಾಗಿ ತಿರುಗಿದರೆ, ನನ್ನ ಸಲಹೆ ಇಷ್ಟೇ: ಅದನ್ನು ಬಿಚ್ಚಲೇಬೇಡಿ. ತೊಳೆದು, ಮುಂದಿನ ಸೀಲ್ ಬದಲಿಸಿ, ಹಾಗೇ ಏರಿಸಿಬಿಡಿ. ಸೀಲ್ ಬದಲಿಸಲು ಪಿನಿಯನ್ ನಟ್ಟು ಬಿಚ್ಚುವಾಗ ನಟ್ಟು, ಫ್ಲಾಂಜ್, ಶಾಫ್ಟ್ ಮೂರಕ್ಕೂ ಒಂದೇ ಗೆರೆಯಲ್ಲಿ ಗುರುತು ಹಾಕಿಕೊಳ್ಳಿ. ಬೇರಿಂಗ್ ಹೋಗಿದ್ದರೆ, ಹೌಸಿಂಗ್ ಬಿರುಕು ಬಿಟ್ಟಿದ್ದರೆ, ಬೇರಿಂಗ್ ಕೂರುವ ಜಾಗ ಸವೆದಿದ್ದರೆ ಮಾತ್ರ ಮುಂದಿನ ಕೆಲಸಕ್ಕೆ ಕೈ ಹಾಕಿ.

ಬೇಕಾದ ಸಾಮಾನು

0.01 ಮಿಲಿಮೀಟರ್ ತೋರಿಸುವ ಡಯಲ್ ಗೇಜ್, ಅದಕ್ಕೆ ಅಯಸ್ಕಾಂತದ ಸ್ಟ್ಯಾಂಡ್. ಮೈಕ್ರೋಮೀಟರ್. ಫೀಲರ್ ಗೇಜ್. ಟಾರ್ಕ್ ರೆಂಚ್. ಬೇರಿಂಗ್ ಪುಲ್ಲರ್. ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿ. ಹಲ್ಲಿಗೆ ಹಚ್ಚಲು ಪ್ರಷ್ಯನ್ ಬ್ಲೂ, ಅದು ಸಿಗದಿದ್ದರೆ ಟ್ಯೂಬಿನ ಆಯಿಲ್ ಪೇಂಟ್ ಸಾಕು, ಒಂದು ಹನಿ ಗೇರ್ ಆಯಿಲ್ ಬೆರೆಸಿ. ಪುಸ್ತಕಗಳಲ್ಲಿ ರೆಡ್ ಲೆಡ್ ಅಂತ ಬರೆದಿರುತ್ತದೆ. ಅದು ಸೀಸದ ವಿಷ, ಬೇಡ.

ಲೇತ್ ಅಂಗಡಿಯವರು ಇಂಚಿನ ಸಾವಿರದ ಒಂದು ಭಾಗದಲ್ಲಿ ಮಾತಾಡುತ್ತಾರೆ, ಶಿಮ್ (ಅಳತೆ ಹೊಂದಿಸಲು ನಡುವೆ ಇಡುವ ತೆಳು ಬಿಲ್ಲೆ) ಕೂಡ ಹಾಗೇ ಸಿಗುತ್ತದೆ. ಒಂದು ಥೌ ಅಂದರೆ 0.025 ಮಿಲಿಮೀಟರ್. ಯಾವುದಾದರೂ ಒಂದೇ ಅಳತೆಯಲ್ಲಿ ಬರೆದುಕೊಳ್ಳಿ. ಎರಡೂ ಬೆರೆತರೆ ಲೆಕ್ಕ ಹಾಳು.

ನಿಮ್ಮ ಗಾಡಿಯ ಹೌಸಿಂಗ್ ಇಳಿಸುವುದು

ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಹಿಂದೆ ಎತ್ತಿ ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಇಟ್ಟಿಗೆ, ಹಾಲೋ ಬ್ಲಾಕ್ ಕೊಟ್ಟು ಗಾಡಿಯ ಕೆಳಗೆ ಹೋಗಬೇಡಿ, ಅದು ಹೇಳದೆ ಕೇಳದೆ ಪುಡಿಯಾಗುತ್ತದೆ. ಆಯಿಲ್ ಇಳಿಸಿ. ಪ್ರೊಪೆಲ್ಲರ್ ಶಾಫ್ಟಿಗೂ ಫ್ಲಾಂಜಿಗೂ ಗುರುತು ಹಾಕಿ ಬಿಚ್ಚಿ. ಚಕ್ರ, ಡ್ರಮ್ ತೆಗೆದು, ಆಕ್ಸಲ್ ಶಾಫ್ಟಿನ ಫ್ಲಾಂಜ್ ಹಿಡಿದಿರುವ ಸ್ಕ್ರೂ ಬಿಚ್ಚಿ ಎರಡೂ ಶಾಫ್ಟ್ ಹೊರಗೆಳೆಯಿರಿ. ಹಬ್ ನಟ್ಟು ಮುಟ್ಟುವ ಅಗತ್ಯ ಇಲ್ಲ. ಆಮೇಲೆ ಹೌಸಿಂಗ್ ಸುತ್ತಲಿನ ನಟ್ಟು ಬಿಚ್ಚಿ. ಹೌಸಿಂಗ್ ಭಾರ ಇದೆ, ಒಬ್ಬರೇ ಎದೆ ಮೇಲೆ ಇಳಿಸಿಕೊಳ್ಳಲು ಹೋಗಬೇಡಿ. ಕೆಳಗೆ ಟ್ರಾಲಿ ಜಾಕ್ ಕೊಡಿ, ಇನ್ನೊಬ್ಬರನ್ನು ಕರೆಯಿರಿ.

ಹಳೇ ಸೆಟ್ ಬಿಚ್ಚುವ ಮುಂಚೆ

ಇಡೀ ಕೆಲಸದ ಪ್ರಾಣ ಇಲ್ಲಿದೆ. ತಂದ ಹೌಸಿಂಗ್ ಮೇಜಿನ ಮೇಲೆ ಇದೆ, ಇನ್ನೂ ಒಂದು ನಟ್ಟೂ ಬಿಚ್ಚಿಲ್ಲ. ಒಂದು ಪುಸ್ತಕ, ಪೆನ್ನು ಹತ್ತಿರ ಇಟ್ಟುಕೊಳ್ಳಿ.

ಮೊದಲು ಬ್ಯಾಕ್‌ಲ್ಯಾಶ್. ಡಯಲ್ ಗೇಜಿನ ಮೊನೆಯನ್ನು ಕ್ರೌನಿನ ಒಂದು ಹಲ್ಲಿನ ಹೊರ ತುದಿಗೆ, ಹಲ್ಲಿನ ಮೈಗೆ ನೇರವಾಗಿ ತಾಗಿಸಿ. ಪಿನಿಯನ್ ಅಲ್ಲಾಡದಂತೆ ಹಿಡಿದು ಕ್ರೌನನ್ನು ಹಿಂದೆ ಮುಂದೆ ಆಡಿಸಿ. ಸುತ್ತಲೂ ನಾಲ್ಕು ಕಡೆ ಅಳೆದು ಬರೆಯಿರಿ. ಹೊಸ ಸೆಟ್ಟಿಗೆ ಈ ಬಗೆಯ ಆಕ್ಸಲ್‌ನಲ್ಲಿ 0.13ರಿಂದ 0.18 ಮಿಲಿಮೀಟರ್ ಇಡುತ್ತಾರೆ, ಅದನ್ನು ಕ್ರೌನಿನ ಮೇಲೇ ಕೊರೆದಿರುವುದೂ ಉಂಟು. ಹಳೇ ಸೆಟ್‌ನಲ್ಲಿ 0.25 ಬಂದರೆ ಗಾಬರಿ ಬೇಡ. ಸವೆತದ ಲೆಕ್ಕ ಅದು. 0.40 ದಾಟಿದರೆ ನಾನಂತೂ ಆ ಸೆಟ್ ಬಳಸುವುದಿಲ್ಲ. ನಾಲ್ಕು ಕಡೆಯ ಅಳತೆಗಳ ನಡುವೆ 0.05ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಕ್ರೌನ್ ಓರೆಯಾಗಿ ತಿರುಗುತ್ತಿದೆ. ಅದನ್ನು ಖಚಿತ ಮಾಡಿಕೊಳ್ಳಲು ಗೇಜನ್ನು ಕ್ರೌನಿನ ಬೆನ್ನಿಗೆ ಇಟ್ಟು ಒಂದು ಸುತ್ತು ತಿರುಗಿಸಿ. ಅಲ್ಲೂ ಮಿತಿ 0.05.

ಎರಡನೆಯದು ಗುರುತು. ನಾಲ್ಕೈದು ಹಲ್ಲಿಗೆ ಎರಡೂ ಮೈಗೆ ಬಣ್ಣ ತೆಳ್ಳಗೆ ಹಚ್ಚಿ. ಒಬ್ಬರು ಮರದ ತುಂಡಿನಿಂದ ಕ್ರೌನನ್ನು ಒತ್ತಿ ಹಿಡಿಯಲಿ, ಇನ್ನೊಬ್ಬರು ಪಿನಿಯನ್ ತಿರುಗಿಸಲಿ. ಭಾರ ಇಲ್ಲದೆ ಸುಮ್ನೆ ತಿರುಗಿಸಿದರೆ ಗುರುತು ಸರಿಯಾಗಿ ಮೂಡುವುದಿಲ್ಲ. ಎರಡೂ ದಿಕ್ಕಿಗೆ ತಿರುಗಿಸಿ. ಹಲ್ಲಿನ ಉಬ್ಬಿದ ಮೈ ಗಾಡಿ ಎಳೆಯುವಾಗ ಕೆಲಸ ಮಾಡುವುದು, ಒಳಗೆ ಬಾಗಿದ ಮೈ ಆಕ್ಸಲರೇಟರ್ ಬಿಟ್ಟಾಗ. ಎರಡರದ್ದೂ ಹತ್ತಿರದಿಂದ ಫೋಟೋ ತೆಗೆಯಿರಿ. ಆಮೇಲೆ ಬಣ್ಣ ಒರೆಸಿ ಹೊಳೆಯುವ ಪಟ್ಟಿಯದ್ದೂ ಒಂದು ಫೋಟೋ ಇರಲಿ. ನಿಮ್ಮ ಗುರಿ ಆ ಫೋಟೋದಲ್ಲಿದೆ.

ಈಗ ಬೇರಿಂಗ್ ಕ್ಯಾಪ್‌ಗಳಿಗೆ ಎಡ ಬಲ ಗುರುತು ಹಾಕಿ. ಪಂಚಿನಿಂದ ಎಡಕ್ಕೆ ಒಂದು ಚುಕ್ಕೆ, ಬಲಕ್ಕೆ ಎರಡು. ಕ್ಯಾಪನ್ನು ಹೌಸಿಂಗ್ ಜೊತೆಯಲ್ಲೇ ಕೊರೆದು ಮಾಡಿರುತ್ತಾರೆ, ಅದಲು ಬದಲಾದರೆ ಬೇರಿಂಗ್ ಹಿಂಡಿಹೋಗುತ್ತದೆ. ಕೇಜ್ (ಕ್ರೌನ್ ಕೂತಿರುವ, ಸ್ಟಾರ್ ಗೇರ್ ಒಳಗಿರುವ ಗೂಡು) ಹೊರಗೆ ತೆಗೆದು ಎಡ ಬಲದ ಶಿಮ್‌ಗಳನ್ನು ಬೇರೆ ಬೇರೆ ಕವರಿನಲ್ಲಿ ಹಾಕಿ, ಮೈಕ್ರೋಮೀಟರಿನಲ್ಲಿ ಅಳೆದು ಕವರಿನ ಮೇಲೇ ಬರೆಯಿರಿ.

ಪಿನಿಯನ್ ಆಳ ಅಳೆಯುವುದು

ಪಿನಿಯನ್ ಇನ್ನೂ ಹೌಸಿಂಗ್‌ನಲ್ಲೇ ಇದೆ, ನಟ್ಟೂ ಬಿಗಿಯಾಗೇ ಇದೆ. ಅದು ಕ್ರೌನಿನ ನಡುಗೆರೆಗೆ ಎಷ್ಟು ಹತ್ತಿರ ಇದೆ ಅನ್ನುವುದನ್ನು ಈಗ ಹಿಡಿದಿಟ್ಟುಕೊಳ್ಳಬೇಕು. ಕಂಪನಿಯ ಗೇಜ್ ನಮಗೆ ಸಿಗುವುದಿಲ್ಲ. ಬೇಕಾಗಿಯೂ ಇಲ್ಲ. ಲೇತ್‌ನಲ್ಲಿ ಒಂದು ಸರಳು ಮಾಡಿಸಿ. ಎರಡು ತುದಿಗಳು ಕೇಜ್ ಬೇರಿಂಗಿನ ಹೊರ ಅಳತೆಗೆ ಸರಿಯಾಗಿ ಇರಲಿ, ನಡುಭಾಗ ಪಿನಿಯನ್ನಿಗೆ ತಾಗದಷ್ಟು ಸಣ್ಣಗಿರಲಿ. ಮೂರೂ ಭಾಗ ಒಂದೇ ಸಲ ಹಿಡಿದು ತಿರುವಿದ್ದಾಗಿರಬೇಕು. ಸರಳನ್ನು ನಡುವೆ ಬಿಚ್ಚಿ ತಿರುಗಿಸಿ ಹಿಡಿದರೆ ನಡುಗೆರೆ ತಪ್ಪುತ್ತದೆ.

ಈ ಸರಳನ್ನು ಬೇರಿಂಗ್ ಕೂರುವ ಜಾಗದಲ್ಲಿ ಮಲಗಿಸಿ, ಕ್ಯಾಪ್ ಹಾಕಿ ಮೆಲ್ಲಗೆ ಬಿಗಿ ಮಾಡಿ. ಪಿನಿಯನ್ ತಲೆಯ ಮೇಲೆ ಒಂದು ಸಮತಟ್ಟಾದ ಉಕ್ಕಿನ ತುಂಡು ಇಡಿ. ಪಿನಿಯನ್ ಕ್ರೌನಿನ ನಡುಗೆರೆಗಿಂತ ಕೆಳಗೆ ಕೂರುವ ಹೈಪಾಯ್ಡ್ ಮಾದರಿ ಇದು, ಹಾಗಾಗಿ ಸರಳಿನ ಕೆಳಗೆ ಬರುವಷ್ಟು ತುಂಡು ಉದ್ದ ಇರಬೇಕು. ತುಂಡಿಗೂ ಸರಳಿಗೂ ನಡುವೆ ಉಳಿದ ಸಂದನ್ನು ಫೀಲರ್ ಗೇಜಿನಲ್ಲಿ ಅಳೆಯಿರಿ. ಎಲೆ ತುಸು ಹಿಡಿದುಕೊಂಡು ಜಾರಬೇಕು, ತಳ್ಳಿ ತೂರಿಸಬಾರದು.

ಇದೇ ಸರಳು, ಇದೇ ತುಂಡು ನಿಮ್ಮ ಹೌಸಿಂಗಿಗೂ ಬಳಸುತ್ತೀರಿ. ಆದ್ದರಿಂದ ಸರಳಿನ ದಪ್ಪ ಎಷ್ಟು, ತುಂಡಿನ ದಪ್ಪ ಎಷ್ಟು ಅನ್ನುವ ಲೆಕ್ಕವೇ ಬೇಡ. ಎರಡು ಸಂದುಗಳ ವ್ಯತ್ಯಾಸ ಮಾತ್ರ ಸಾಕು.

ಉದಾಹರಣೆಗೆ, ತಂದ ಹೌಸಿಂಗ್‌ನಲ್ಲಿ ಸಂದು 0.46 ಬಂತು ಅಂದುಕೊಳ್ಳಿ. ಪಿನಿಯನ್ ತೆಗೆದು, ಅದರ ಬೇರಿಂಗ್, ತಲೆಯ ಹಿಂದಿನ ವಾಷರ್ ಸಮೇತ ನಿಮ್ಮ ಹೌಸಿಂಗ್‌ನಲ್ಲಿ ಕೂರಿಸಿ, ನಟ್ಟು ಬಿಗಿದು ಅಳೆದರೆ 0.53 ಬಂತು. ಪಿನಿಯನ್ ನಡುಗೆರೆಯಿಂದ 0.07 ದೂರ ಉಳಿದಿದೆ. ವಾಷರ್ ಇರುವುದು ಪಿನಿಯನ್ ತಲೆಗೂ ಒಳ ಬೇರಿಂಗಿಗೂ ನಡುವೆ. ಅದು ದಪ್ಪ ಆದಷ್ಟೂ ಪಿನಿಯನ್ ಮುಂದಕ್ಕೆ, ಕ್ರೌನಿನ ಕಡೆಗೆ ಹೋಗುತ್ತದೆ. ಅಂದರೆ ಈಗಿರುವುದಕ್ಕಿಂತ 0.07 ದಪ್ಪದ ವಾಷರ್ ಬೇಕು. ದಪ್ಪ ವಾಷರನ್ನು ಸರ್ಫೇಸ್ ಗ್ರೈಂಡರ್‌ನಲ್ಲಿ ತೆಳು ಮಾಡಿಸಬಹುದು, ಎರಡೂ ಮುಖ ಸಮಾನಾಂತರ ಇರಬೇಕು. ನಾಲ್ಕು ಕಡೆ ಅಳೆದು ನೋಡದೆ ತರಬೇಡಿ.

ಹೊಸ ಬೇರಿಂಗ್ ಹಾಕುವುದಾದರೆ ಒಂದು ಎಚ್ಚರಿಕೆ. ಹೊಸ ಬೇರಿಂಗಿನ ಎತ್ತರ ಹಳೆಯದರಷ್ಟೇ ಇರುತ್ತದೆ ಅಂತ ನಂಬಬೇಡಿ. ಎರಡನ್ನೂ ಅದರದರ ಹೊರ ಬಳೆಯಲ್ಲಿ ಕೂರಿಸಿ, ಮಟ್ಟಸವಾದ ಕಬ್ಬಿಣದ ಮೇಲಿಟ್ಟು ಡಯಲ್ ಗೇಜಿನಿಂದ ಎತ್ತರ ಹೋಲಿಸಿ. ಇರುವ ವ್ಯತ್ಯಾಸವನ್ನು ವಾಷರ್ ಲೆಕ್ಕಕ್ಕೆ ಸೇರಿಸಿ. ಇನ್ನೊಂದು ಅನುಕೂಲ ಮಾಡಿಕೊಳ್ಳಿ. ಕೆಟ್ಟ ಹಳೇ ಬೇರಿಂಗ್ ಒಂದರ ಒಳ ರಂಧ್ರವನ್ನು ಎಮರಿ ಪೇಪರಿನಿಂದ ತಿಕ್ಕಿ, ಪಿನಿಯನ್ ಮೇಲೆ ಕೈಯಲ್ಲೇ ಜಾರುವಂತೆ ಮಾಡಿಕೊಳ್ಳಿ. ವಾಷರ್ ಬದಲಿಸಿ ನೋಡುವಾಗಲೆಲ್ಲ ಇದನ್ನೇ ಬಳಸಿ. ಪ್ರತಿ ಸಲ ಒಳ್ಳೆಯ ಬೇರಿಂಗನ್ನು ಪುಲ್ಲರ್ ಹಾಕಿ ಎಳೆದರೆ ಅದು ಹಾಕುವ ಮುಂಚೆಯೇ ಹಾಳಾಗುತ್ತದೆ. ಈ ಬೇರಿಂಗಿನ ಎತ್ತರವನ್ನೂ ಹೋಲಿಸಿ ಬರೆದಿಟ್ಟುಕೊಳ್ಳಲೇಬೇಕು.

ಪಿನಿಯನ್ ಬೇರಿಂಗಿನ ಬಿಗಿ

ಎರಡು ಪಿನಿಯನ್ ಬೇರಿಂಗ್‌ಗಳ ನಡುವೆ ಒಂದು ಕೊಳವೆ, ಜೊತೆಗೆ ತೆಳು ಶಿಮ್‌ಗಳು ಇರುತ್ತವೆ. ಶಿಮ್ ತೆಗೆದರೆ ಬಿಗಿ ಜಾಸ್ತಿ, ಹಾಕಿದರೆ ಕಡಿಮೆ. ಬಿಗಿಯನ್ನು ನಟ್ಟಿನಿಂದ ಸರಿಮಾಡುವ ಆಸೆಗೆ ಬೀಳಬೇಡಿ. ನಟ್ಟು ಯಾವಾಗಲೂ ಪೂರ್ತಿ ಟಾರ್ಕಿಗೇ ಬಿಗಿಯಬೇಕು. ಈ ಬಿಎಂಸಿ ಆಕ್ಸಲ್‌ಗಳಲ್ಲಿ ಅದು 135ರಿಂದ 140 ಪೌಂಡ್-ಅಡಿ, ಅಂದರೆ ಸುಮಾರು 19 ಕಿಲೋಗ್ರಾಂ-ಮೀಟರ್.

ಅಳೆಯುವುದು ಹೀಗೆ. ಸೀಲ್ ಹಾಕದೆ, ಬೇರಿಂಗಿಗೆ ಆಯಿಲ್ ಬಿಟ್ಟು, ನಟ್ಟು ಬಿಗಿದು ಹತ್ತಾರು ಸುತ್ತು ತಿರುಗಿಸಿ. ಫ್ಲಾಂಜಿಗೆ ದಾರ ಸುತ್ತಿ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆಯಿರಿ. ಹೊರಡುವಾಗಿನ ಅಂಕಿ ಬೇಡ, ಒಂದೇ ಸಮನೆ ತಿರುಗುವಾಗಿನದು ಬೇಕು. ಹೊಸ ಬೇರಿಂಗಿಗೆ 10ರಿಂದ 12 ಇಂಚು-ಪೌಂಡ್ ಇರಲಿ. ದಾರ ಸುತ್ತಿದ ಜಾಗದ ಅರ್ಧ ವ್ಯಾಸ 4 ಸೆಂಟಿಮೀಟರ್ ಇದ್ದರೆ ತಕ್ಕಡಿ ಸುಮಾರು 3ರಿಂದ ಮೂರೂವರೆ ಕಿಲೋ ತೋರಿಸಬೇಕು. ಓಡಿ ಪಳಗಿದ ಹಳೇ ಬೇರಿಂಗಿಗೆ ಇದರ ಅರ್ಧ ಸಾಕು. ಹಳೇ ಬೇರಿಂಗನ್ನು ಹೊಸದರಷ್ಟು ಬಿಗಿ ಮಾಡಿದರೆ ಬಿಸಿಯಾಗಿ ಬೇಗ ಹೋಗುತ್ತದೆ. ಸಡಿಲ ಬಿಟ್ಟರೆ ಪಿನಿಯನ್ ಎಳೆತಕ್ಕೆ ಹಿಂದೆ ಮುಂದೆ ಆಡಿ, ಇಷ್ಟು ಹೊತ್ತು ಅಳೆದ ಆಳವೆಲ್ಲ ವ್ಯರ್ಥ.

ಬಿಗಿ ಸರಿಯಾದ ಮೇಲೆ ಸರಳು ಇಟ್ಟು ಆಳವನ್ನು ಮತ್ತೊಮ್ಮೆ ನೋಡಿ. 0.02 ಒಳಗೆ ಬಂದರೆ ಸಾಕು.

ಕ್ರೌನ್ ಮತ್ತು ಕೇಜ್

ಕ್ರೌನನ್ನು ಅದರ ಹಳೇ ಕೇಜ್ ಮೇಲೇ ಬಿಡುವುದು ಮೇಲು. ಬದಲಿಸಲೇಬೇಕಾದರೆ ಕೂರುವ ಮುಖಗಳನ್ನು ಆಯಿಲ್ ಸ್ಟೋನ್‌ನಿಂದ ಉಜ್ಜಿ. ಒಂದು ಸಣ್ಣ ಮುಳ್ಳು ಉಳಿದರೂ ಕ್ರೌನ್ ಓರೆ. ಬೋಲ್ಟ್ ಎಳೆದು ಕ್ರೌನ್ ಕೂರಿಸಬೇಡಿ, ಕುದಿಯುವ ನೀರಿನಲ್ಲಿ ಬಿಸಿ ಮಾಡಿ ತೆಗೆದು, ಒರೆಸಿ, ಕೂರಿಸಿ. ಬೋಲ್ಟ್‌ಗಳನ್ನು ಎದುರು ಬದುರು ಕ್ರಮದಲ್ಲಿ 55ರಿಂದ 60 ಪೌಂಡ್-ಅಡಿಗೆ ಬಿಗಿಯಿರಿ. ಲಾಕ್ ಪಟ್ಟಿ ಹೊಸದು ಹಾಕಿ. ಇದೇ ಹೊತ್ತಿಗೆ ಸ್ಟಾರ್ ಗೇರ್, ಸನ್ ಗೇರ್ ಹಿಂದಿನ ವಾಷರ್‌ಗಳನ್ನು ನೋಡಿ. ಅವು ಅಗ್ಗದ ಸಾಮಾನು, ಸವೆದಿದ್ದರೆ ಬದಲಿಸಿಬಿಡಿ.

ಕೇಜ್ ಬೇರಿಂಗ್ ಬಾಲ್ ಬೇರಿಂಗ್ ಆಗಿದ್ದರೆ ಒಂದು ಮುಖದ ಮೇಲೆ 'ಥ್ರಸ್ಟ್' ಅಂತ ಇಂಗ್ಲಿಷಿನಲ್ಲಿ ಕೊರೆದಿರುತ್ತದೆ. ಆ ಮುಖ ಹೊರಗಡೆಗೆ ಬರಬೇಕು.

ತಂದ ಹೌಸಿಂಗ್‌ನಲ್ಲಿದ್ದ ಎಡ ಬಲದ ಶಿಮ್‌ಗಳಿಂದಲೇ ಶುರು ಮಾಡಿ. ನಿಮ್ಮ ಹೌಸಿಂಗ್ ಅಗಲದಲ್ಲಿ ಚೂರು ವ್ಯತ್ಯಾಸ ಇದ್ದೇ ಇರುತ್ತದೆ. ಕೇಜನ್ನು ಅಡ್ಡ ಆಡಿಸಿ ಡಯಲ್ ಗೇಜಿನಲ್ಲಿ ಅಳೆಯಿರಿ. ಆಟ ಸೊನ್ನೆಯಾಗಿ, ಆದರೆ ಬಿಗಿಯೂ ಆಗದ ಹಾಗೆ ಶಿಮ್ ಹೊಂದಿಸಿ. ಆಮೇಲೆ ಬ್ಯಾಕ್‌ಲ್ಯಾಶ್. ಜಾಸ್ತಿ ಇದ್ದರೆ ಕ್ರೌನ್ ಪಿನಿಯನ್ ಕಡೆಗೆ ಬರುವಂತೆ ಒಂದು ಬದಿಯ ಶಿಮ್ ತೆಗೆದು ಇನ್ನೊಂದು ಬದಿಗೆ ಹಾಕಿ. ಎರಡೂ ಬದಿಯ ಒಟ್ಟು ದಪ್ಪ ಬದಲಾಗಬಾರದು. 0.05 ಶಿಮ್ ಒಂದು ಬದಿಯಿಂದ ಇನ್ನೊಂದಕ್ಕೆ ಹೋದರೆ ಬ್ಯಾಕ್‌ಲ್ಯಾಶ್ ಕೂಡ ಸುಮಾರು ಅಷ್ಟೇ ಬದಲಾಗುತ್ತದೆ. ತಂದ ಹೌಸಿಂಗ್‌ನಲ್ಲಿ 0.25 ಇತ್ತಾ, ಇಲ್ಲೂ 0.25 ತನ್ನಿ. 0.15ಕ್ಕೆ ಇಳಿಸುವ ಆಸೆ ಬರುತ್ತದೆ, ಇಳಿಸಬೇಡಿ.

ಕೊನೆಗೆ ಎರಡೂ ಬದಿಗೆ 0.05ರಂತೆ ಶಿಮ್ ಸೇರಿಸಿ. ಬೇರಿಂಗಿಗೆ ಬೇಕಾದ ಬಿಗಿ ಅದರಿಂದ ಬರುತ್ತದೆ. ಎರಡೂ ಬದಿಗೆ ಸಮ ಸೇರಿಸುವುದರಿಂದ ಬ್ಯಾಕ್‌ಲ್ಯಾಶ್ ಹಾಗೇ ಉಳಿಯುತ್ತದೆ. ಕ್ಯಾಪ್ ನಟ್ಟು 60ರಿಂದ 65 ಪೌಂಡ್-ಅಡಿ.

ಗುರುತು ಓದುವುದು

ಮೊದಲಿನ ಹಾಗೇ ಬಣ್ಣ ಹಚ್ಚಿ, ಭಾರ ಕೊಟ್ಟು ತಿರುಗಿಸಿ, ಫೋಟೋ ಪಕ್ಕದಲ್ಲಿಟ್ಟು ನೋಡಿ. ಬಣ್ಣದ ಗುರುತು ಹೊಳೆಯುವ ಪಟ್ಟಿಯ ಒಳಗೇ ಬಿದ್ದರೆ ಗೆದ್ದ ಹಾಗೆ.

ಬೀಳದಿದ್ದರೆ ಹೀಗೆ ಯೋಚಿಸಿ. ಗುರುತು ಹಲ್ಲಿನ ತಲೆಯ ಕಡೆ ಏರಿದ್ದರೆ ಪಿನಿಯನ್ ದೂರ ಇದೆ, ವಾಷರ್ ದಪ್ಪ ಬೇಕು. ಬುಡದ ಕಡೆ ಇಳಿದಿದ್ದರೆ ಪಿನಿಯನ್ ಒಳಗೆ ಹೆಚ್ಚು ಹೋಗಿದೆ, ವಾಷರ್ ತೆಳು ಮಾಡಿ. ಎಳೆತದ ಮೈಯಲ್ಲಿ ಗುರುತು ಹಲ್ಲಿನ ಒಳ ತುದಿಗೆ ಸರಿದಿದ್ದರೆ ಕ್ರೌನನ್ನು ಪಿನಿಯನ್ನಿನಿಂದ ಚೂರು ದೂರ ಸರಿಸಿ. ಹೊರ ತುದಿಗೆ ಸರಿದಿದ್ದರೆ ಹತ್ತಿರ ತನ್ನಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅನ್ನುವುದೇ ತಿಳಿಯುವುದಿಲ್ಲ. ವಾಷರ್ ಬದಲಿಸಿದರೆ ಬ್ಯಾಕ್‌ಲ್ಯಾಶ್ ಕೂಡ ಬದಲಾಗುತ್ತದೆ, ಅದನ್ನು ಮತ್ತೆ ಹೊಂದಿಸಿದ ಮೇಲೇ ಗುರುತು ನೋಡಿ.

ಎಳೆತದ ಮೈ ಸರಿಹೋಗಿ, ಬಿಟ್ಟಾಗಿನ ಮೈ ಸ್ವಲ್ಪ ಸರಿದೇ ಇದ್ದರೆ ಎಳೆತದ ಮೈಗೆ ಆದ್ಯತೆ ಕೊಡಿ. ಗಾಡಿ ಹೆಚ್ಚು ಹೊತ್ತು ಓಡುವುದು ಅದರ ಮೇಲೇ ಅಲ್ವಾ. ಇನ್ನೂ ಎರಡು ಥೌ ಹಿಂದೆ ಮುಂದೆ ಮಾಡಿದರೆ ಎರಡೂ ಸರಿಹೋಗಬಹುದು ಅನ್ನಿಸುತ್ತದೆ. ಸವೆದ ಸೆಟ್‌ನಲ್ಲಿ ಅದು ಆಗದಿರುವ ಸಂಭವವೇ ಹೆಚ್ಚು.

ಜೋಡಣೆ ಮತ್ತು ಮೊದಲ ಓಟ

ಹೊಸ ಸೀಲಿನ ತುಟಿಗೆ ಆಯಿಲ್ ಸವರಿ ಹಾಕಿ, ನಟ್ಟು ಕೊನೆಯ ಸಲ ಪೂರ್ತಿ ಬಿಗಿದು ಲಾಕ್ ಮಾಡಿ. ಆಕ್ಸಲ್ ಕೇಸಿಂಗ್ ಒಳಗನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ. ಹಳೇ ಲೋಹದ ಪುಡಿ ತಳದಲ್ಲಿ ಕೆಸರಿನಂತೆ ಕೂತಿರುತ್ತದೆ. ಕೇಸಿಂಗ್ ಮೇಲಿನ ಗಾಳಿ ರಂಧ್ರದಲ್ಲಿ ತಂತಿ ಹಾಕಿ ಸ್ವಚ್ಛ ಮಾಡಿ. ಅದು ಮುಚ್ಚಿದ್ದರೆ ಒಳಗಿನ ಒತ್ತಡಕ್ಕೆ ಹೊಸ ಸೀಲಿನಿಂದಲೂ ಆಯಿಲ್ ಸೋರುತ್ತದೆ, ಚಕ್ರದ ಸೀಲ್ ದಾಟಿ ಬ್ರೇಕಿಗೂ ಇಳಿಯುತ್ತದೆ. ಹೊಸ ಗ್ಯಾಸ್ಕೆಟ್ ಹಾಕಿ ಹೌಸಿಂಗ್ ಏರಿಸಿ. ಶಾಫ್ಟ್, ಡ್ರಮ್, ಚಕ್ರ, ಪ್ರೊಪೆಲ್ಲರ್ ಶಾಫ್ಟ್ ಗುರುತಿಗೆ ಗುರುತು ಕೂಡಿಸಿ ಹಾಕಿ. ಗಾಡಿ ಮಟ್ಟಸ ನಿಂತಿರುವಾಗ 90 ನಂಬರ್ ಹೈಪಾಯ್ಡ್ ಆಯಿಲ್ ತುಂಬುವ ರಂಧ್ರದ ಅಂಚಿಗೆ ಬರುವವರೆಗೆ ಹಾಕಿ. ಸಾದಾ ಗೇರ್ ಆಯಿಲ್ ಇಲ್ಲಿ ಬೇಡ. ಹೈಪಾಯ್ಡ್ ಹಲ್ಲುಗಳು ಉರುಳುವುದಲ್ಲದೆ ಒಂದರ ಮೇಲೊಂದು ಜಾರುತ್ತವೆ, ಸಾದಾ ಆಯಿಲ್ ಆ ಒತ್ತಡಕ್ಕೆ ನಿಲ್ಲುವುದಿಲ್ಲ.

ಮೊದಲ ಸಲ 15-20 ಕಿಲೋಮೀಟರ್ ನಿಧಾನವಾಗಿ ಓಡಿಸಿ. ನಿಲ್ಲಿಸಿ ಹೌಸಿಂಗ್ ಮೂತಿಗೆ ಕೈ ಹತ್ತಿರ ತಂದು ನೋಡಿ, ಆಮೇಲೆ ಮುಟ್ಟಿ. ಬಿಸಿ ಇರುವುದು ಸಹಜ. ಕೈ ಇಡಲು ಆಗದಷ್ಟು ಸುಟ್ಟರೆ ಪಿನಿಯನ್ ಬೇರಿಂಗ್ ಅತಿ ಬಿಗಿಯಾಗಿದೆ, ಮುಂದೆ ಓಡಿಸದೆ ಶಿಮ್ ಸರಿಮಾಡಿ. ಪೂರ್ತಿ ತಣ್ಣಗಾದ ಮೇಲೆ ಮತ್ತೊಂದು ಸುತ್ತು. ಮೊದಲ ಕೆಲವು ದಿನ ಘಾಟಿ ಹತ್ತಿಸುವುದು, ಭಾರ ಹೇರುವುದು ಬೇಡ.

500 ಕಿಲೋಮೀಟರ್ ಆದ ಮೇಲೆ ಆಯಿಲ್ ಇಳಿಸಿ, ಡ್ರೇನ್ ಪ್ಲಗ್ಗಿನ ತುದಿ ಮತ್ತು ಆಯಿಲ್ಲಿನ ತಳ ನೋಡಿ. ಬೆರಳಿಗೆ ಬೂದಿಯಂತೆ ನಯವಾದ ಪುಡಿ ಹತ್ತಿದರೆ ಒಳ್ಳೆಯದೇ, ಹೊಸ ಆಯಿಲ್ ಹಾಕಿ ಓಡಿಸಿ. ಕಣ್ಣಿಗೆ ಕಾಣುವ ಚಕ್ಕೆ, ಸೂಜಿಯಂಥ ಚೂರು ಸಿಕ್ಕರೆ ಹೌಸಿಂಗ್ ಇಳಿಸಿ ಹಲ್ಲು ನೋಡಲೇಬೇಕು. ಎಳೆಯುವಾಗ ಸದ್ದಿಲ್ಲ, ಇಳಿಜಾರಿನಲ್ಲಿ ಆಕ್ಸಲರೇಟರ್ ಬಿಟ್ಟಾಗ ಮಾತ್ರ ಸಣ್ಣಗೆ ಗುಂಯ್ ಅನ್ನುತ್ತದೆ ಅಂದರೆ, ಮತ್ತು ಅದು ದಿನದಿಂದ ದಿನಕ್ಕೆ ಹೆಚ್ಚುತ್ತಿಲ್ಲ ಅಂದರೆ, ಮತ್ತೆ ಬಿಚ್ಚಬೇಡಿ.